ಅರಿವಿ ಮ್ಯಾಲಿನ ಗೇರಿನ ಗುರ್ತು, ಮೈಮ್ಯಾಲಿನ ಬೊಕ್ಕಿ

ನಮ್ಮ ಅತ್ತಿಯವರ ಟ್ರಂಕಿನ ತಳದಾಗ ಇನ್ನೂ ಎರಡು ಹಳೇ ಧೋತರ ಅವ. ಮಾವನವರು ಉಡ್ತಿದ್ದವು. ಎರಡರ ಮೂಲಿಗೂ ಕರ್ರಗ ಒಂದೊಂದು ಗುರ್ತು ಅದ. ಎರಡು ಗೆರಿ, ನಡುವ ಒಂದು ಚುಕ್ಕಿ. ಧೋತರ ಜಾಳಾಗ್ಯಾವ, ಅಂಚಿನ ಬಣ್ಣ ಹೋಗ್ಯದ, ಆ ಗುರ್ತು ಮಾತ್ರ ನಿನ್ನೆ ಹಾಕಿದ್ದರ ಹಂಗ ಅದ. ಈಗಿನ ಹುಡುಗಿಯರಿಗೆ ತೋರಿಸಿದ್ರ "ಏನ್ ಕಲಿ ಇದು, ಹೋಗೂದಿಲ್ಲೇನು?" ಅಂತಾರ. ಅದು ಕಲಿ ಅಲ್ಲವಾ, ಅಗಸರ ಭಾಷಾದಾಗ ನಮ್ಮ ಮನಿ ಹೆಸರು ಅದು.

ಆಗ ಅಗಸರು ಓಣಿಯ ಹತ್ತಿಪ್ಪತ್ತು ಮನಿ ಅರಿವಿ ಒಂದೇ ಗಂಟಿನ್ಯಾಗ ಕಟ್ಟಿಕೊಂಡು ಹೋಗ್ತಿದ್ರು. ಭಟ್ಟಿಗೆ ಹಾಕಿ, ಕಲ್ಲಿಗೆ ಒಗದು, ಒಣಗಿಸಿ, ಯಾರದು ಯಾರಿಗೆ ಅಂತ ತಪ್ಪದ ತಂದು ಕೊಡ್ತಿದ್ರು. ಅಕ್ಷರ ಬೇಕಾಗಿರಲಿಲ್ಲ, ಮನಿಗೊಂದು ಗುರ್ತು ಇದ್ರ ಆತು. ಗೇರಿನ ಕಾಯಿಗೆ ಸೂಜಿ ಚುಚ್ಚಿ, ಒಳಗಿನ ರಸ ತುದಿಗೆ ತಗೊಂಡು, ಅರಿವಿ ಮ್ಯಾಲ ಗೆರಿ ಎಳೆದು, ಅದರ ಮ್ಯಾಲ ಹಸಿ ಸುಣ್ಣ ತಾಕಸೂದು. ಕಂದು ರಸ ಕಪ್ಪಾಗಿ ನೂಲಿಗೆ ಕಚ್ಚಿಕೊಳ್ತದ. ಸಾಬೂನು, ಸೋಡಾ, ಕುದಿಯೋ ನೀರು, ಯಾವುದಕ್ಕೂ ಜಗ್ಗೂದಿಲ್ಲ.

ಇವತ್ತು ಬರಿಯೂದು ಈ ರಸದ ಸುದ್ದಿ. ಅರಿವಿಗೆ ಕಚ್ಚಿಕೊಳ್ಳೋ ರಸ ತೊಗಲಿಗೂ ಕಚ್ಚಿಕೊಳ್ತದ. ಮೈ ಕೆಂಪಾಗಿ, ಬಾತು, ತುರಿಸಿ, ಬೊಕ್ಕಿ ಏಳೂದು ಯಾಕ ಅನ್ನೂದನ್ನ ಡಾಕ್ಟರ ಮಂದಿ ತಿಳಕೊಂಡ ಕಥಿಯೊಳಗ ನಮ್ಮ ಅಗಸರ ಗುರ್ತಿಂದೂ ಒಂದು ಪಾಲದ. ಬರಿಲಿಕ್ಕೆ ಇನ್ನೊಂದು ಕಾರಣನೂ ಅದ, ಅದನ್ನ ಮುಂದ ಹೇಳ್ತೀನಿ.

ಮೊದಲು ಹೆಸರಿನ ಗೊಂದಲ ಬಿಡಸೂಣು. ಮಂಗಳೂರು, ಕುಮಟಾ ಕಡೆಯವರಿಗೆ ಗೇರು ಅಂದ್ರ ಗೋಡಂಬಿ ಗಿಡ. ನಾನು ಹೇಳೂದು ಅದಲ್ಲ. ಗುಡ್ಡದಾಗ ಬೆಳಿಯೋ, ಕರೀ ಕಾಯಿ ಬಿಡೋ ಗೇರು. ಕರಿಗೇರು, ಗುಡ್ಡಗೇರು ಅಂತನೂ ಅಂತಾರ. ಬೆಳಗಾವಿ ಕಡೆ ಮರಾಠಿ ಮಂದಿ ಬಿಬ್ಬಾ ಅಂತಾರ, ಮುಂಬಯಿ ಅಂಗಡಿ ಬಾಗಲಿಗೆ ನಿಂಬಿಹಣ್ಣು ಮೆಣಸಿನಕಾಯಿ ಜೋಡಿ ದೃಷ್ಟಿಗೆ ಕಟ್ಟೋ ಕರೀ ಕಾಯಿ ಅದ. ಗೋಡಂಬಿ ಗಿಡ ನಮ್ಮದಲ್ಲ. ಬ್ರೆಝಿಲ್ ದೇಶದ್ದು, 16ನೇ ಶತಮಾನದಾಗ ಪೋರ್ತುಗೀಜರು ಗೋವಾ ಕಡೆ ತಂದದ್ದು. ಎರಡೂ ಒಂದ ಕುಲದ ಗಿಡ. ಅದಕ್ಕ ನಮ್ಮ ಮಂದಿ ಹೊಸಾ ಗಿಡಕ್ಕ ಹಳೇ ಗಿಡದ ಹೆಸರು ಕೊಟ್ರು. ಇನ್ನೂ ಮಜಾ ಕೇಳ್ರಿ. ಮಹಾರಾಷ್ಟ್ರದಾಗ ಇವತ್ತಿಗೂ ಗೋಡಂಬಿ ಅಂದ್ರ ಬಿಬ್ಬಾದ ಒಳಗಿನ ಬೀಜ, ನಮ್ಮಲ್ಲಿ ಕಾಜೂ. ಯುರೋಪಿನವರೂ ಹಿಂಗ ಮಾಡ್ಯಾರ. ಅವರ ಹಳೇ ಔಷಧಿ ಅಂಗಡಿಯೊಳಗ ಅನಕಾರ್ಡಿಯಂ ಅಂದ್ರ ನಮ್ಮ ಗೇರು. 1753ರಾಗ ಲಿನೇಯಸ್ ಆ ಹೆಸರನ್ನ ತಗದು ಗೋಡಂಬಿಗೆ ಇಟ್ಟ. ನಮ್ಮದಕ್ಕ ಅವನ ಮಗ ಸೆಮೆಕಾರ್ಪಸ್ ಅಂತ ಹೊಸಾ ಹೆಸರು ಇಟ್ಟ, ಅಂದ್ರ ಗುರ್ತಿನ ಕಾಯಿ. ಅಗಸರ ಕೆಲಸ ಲ್ಯಾಟಿನ್ ಭಾಷಾದಾಗ ಹೋಗಿ ಕೂತದ.

ಮಲೆನಾಡಿನ ಹೊಳಗೇರು ಮರದ ಕಥಿನೂ ಹಂಗ. ಬುಕಾನನ್ ಅನ್ನೋ ಡಾಕ್ಟರ ಸಾಹೇಬ ಟಿಪ್ಪು ಸತ್ತ ಮರುವರ್ಷ, 1800ರಾಗ, ಮೈಸೂರು ಸೀಮಿ, ಕನ್ನಡ ಜಿಲ್ಲಾ, ಮಲಬಾರ ತಿರಗಾಡಿದ. ಅವನ ಕಡೆಯಿಂದ ಆ ಮರಕ್ಕ ಶಾಸ್ತ್ರದ ಹೆಸರು ಬಂತು, ಹೊಲಿಗಾರ್ನಾ ಅಂತ. ನಮ್ಮ ಕನ್ನಡದ ಶಬ್ದನ ಅದು. ಅದರ ಸೊನಿ ತಾಕಿದ್ರೂ ಮೈ ಸುಟ್ಟಂಗ ಆಗ್ತದ.

ಸಂಸ್ಕೃತದಾಗ ಗೇರಿಗೆ ಭಲ್ಲಾತಕ ಅಂತಾರ. ಇನ್ನೆರಡು ಹೆಸರು ಅವ. ಒಂದು ಅಗ್ನಿಮುಖ. ಇನ್ನೊಂದು ಅರುಷ್ಕರ, ಅಂದ್ರ ಹುಣ್ಣು ಮಾಡೂದು. ಹಿಂದಿನವರಿಗೆ ಇದರ ಗುಣ ಗೊತ್ತಿರಲಿಲ್ಲ ಅನ್ನೂಹಂಗಿಲ್ಲ, ಹೆಸರಿನ್ಯಾಗನ ಬರೆದಿಟ್ಟಾರ. ಚರಕ ಸಂಹಿತಾದಾಗ ರಸಾಯನದ ಭಾಗದಾಗ ಭಲ್ಲಾತಕದ ಔಷಧ ಬರ್ತದ, ಖರೆ. ಆದ್ರ ವೈದ್ಯರು ಅದನ್ನ ಹಂಗ ಕೊಡೂದಿಲ್ಲ. ಕಾಯಿಯ ತೊಟ್ಟಿನ ಭಾಗ ಕೊಯ್ದು ತಗದು, ಇಟ್ಟಂಗಿ ಪುಡಿಯೊಳಗ ಹಾಕಿ ತಿಕ್ಕಿ ತಿಕ್ಕಿ, ಎಣ್ಣಿ ಹೀರಿಸಿ, ತೊಳದು, ಆಮ್ಯಾಲ ತುಪ್ಪಾ ಹಾಲು ಕೂಡಿಸಿ ಮುಂದಿನ ಕೆಲಸ. ಮಾಡೋವ್ರು ಕೈಗೆ ಎಣ್ಣಿ ಹಚ್ಚಿಕೊಂಡೋ ಈಗಿನವರಾದ್ರ ರಬ್ಬರ್ ಕೈಚೀಲ ಹಾಕಿಕೊಂಡೋ ಮಾಡ್ತಾರ. ಶೋಧನ ಅಂತಾರ ಅದಕ್ಕ. ಆ ಕಥಿ ಬ್ಯಾರೆ, ಸಂತಿಯೊಳಗ ಹತ್ತು ರೂಪಾಯಿಗೆ ನಾಲ್ಕು ಕಾಯಿ ತಂದು ಮನ್ಯಾಗ ಸುಡೋ ಕಥಿ ಬ್ಯಾರೆ.

ಅರಬ ದೇಶಕ್ಕೂ ಈ ಕಾಯಿ ನಮ್ಮಿಂದ ಹೋಗ್ತಿತ್ತು, ಬಲಾದುರ್ ಅಂತ ಅದರ ಹೆಸರು. ನೆನಪಿನ ಶಕ್ತಿ ಹೆಚ್ಚಾಗ್ತದ ಅಂತ ಕುಡಿಯೋವ್ರಂತ. ಬಾಗ್ದಾದಿನ್ಯಾಗ 9ನೇ ಶತಮಾನದಾಗ ಅಲ್-ಬಲಾದುರಿ ಅಂತ ದೊಡ್ಡ ಇತಿಹಾಸಕಾರ ಇದ್ದ. ಅವನಿಗೆ ಆ ಹೆಸರು ಬಂದದ್ದ ಈ ಕಾಯಿಯಿಂದ. ಈ ರಸ ಕುಡಿದು ಅವನ ಮನಿತನದಾಗ ಒಬ್ರು ಸತ್ರು ಅಂತ ಹೇಳ್ತಾರ. ಅವನ ಅಜ್ಜ ಅಂತ ಕೆಲವರು, ಅವನ ಅಂತ ಕೆಲವರು. ಯಾರರೇ ಆಗಲಿ, ನೆನಪು ಹೆಚ್ಚು ಮಾಡಿಕೊಳ್ಳಲಿಕ್ಕೆ ಹೋಗಿ ಹೆಸರಷ್ಟ ನೆನಪಿಗೆ ಉಳೀತು.

ಈಗ ಇಂಗ್ಲಿಷರ ಕಾಲಕ್ಕ ಬರೂಣು. ಬಿಳೀ ಮಂದಿಗೆ ಇಲ್ಲಿ ಸೆಕಿ, ಬೆವರು, ದಪ್ಪನ್ನ ಪ್ಯಾಂಟು. ತೊಡಿಸಂದಿಗೆ ಹುಳಕಡ್ಡಿ ಹತ್ತತಿತ್ತು. ಅದು ಬೂಷ್ಟಿನ ರೋಗ, ಬೆವರು ನಿಂತಲ್ಲೆ ಬೆಳಿಯೂದು. ಅವರು ಅದಕ್ಕ "ಧೋಬಿ ಇಚ್" ಅಂತ ಹೆಸರಿಟ್ರು, ಅಗಸರ ತುರಿಕಿ ಅಂತ. ಅರಿವಿ ಒಗಿಯೋವ್ನಿಂದ ಬಂತು ಅಂತ ಅವರ ಲೆಕ್ಕ. ಮೈ ತಮ್ಮದು, ಬೆವರು ತಮ್ಮದು, ಹೆಸರು ಮಾತ್ರ ಅಗಸರದು! ಇಂಗ್ಲಿಷ್ ಡಿಕ್ಷನರಿಯೊಳಗ ಇವತ್ತಿಗೂ ಆ ಶಬ್ದ ಹಂಗ ಅದ. ನನಗ ಸಿಟ್ಟು ಬರ್ತದ ನೋಡಿದ್ರ.

ಆದ್ರ ಇನ್ನೊಂದು ತುರಿಕಿ ಇತ್ತು, ಅದಕ್ಕೂ ಅಗಸರಿಗೂ ಖರೇನ ಸಂಬಂಧ ಇತ್ತು. ಎರಡನೇ ಮಹಾಯುದ್ಧದಾಗ ಅಮೆರಿಕಾದ ಸೈನಿಕರು ಅಸ್ಸಾಂ, ಬಂಗಾಲದ ಕಡೆ ಬಂದು ಇಳಿದ್ರು. ಬರ್ಮಾದ ಕಾಡಿನ್ಯಾಗ ಚೀನಾದ ತನಕ ರಸ್ತಾ ಮಾಡೋ ಕೆಲಸ ನಡದಿತ್ತು. ಅವರ ಅರಿವಿನೂ ನಮ್ಮ ಧೋಬಿಗಳ ಒಗೀತಿದ್ರು, ಗುರ್ತು ಹಾಕ್ತಿದ್ರು. ಸೈನಿಕರಿಗೆ ಕುತ್ತಿಗಿ ಹಿಂದ, ನಡುವಿನ ಮ್ಯಾಲ, ಹಿಂಗ ಎಲ್ಲೆಲ್ಲೋ ಒಂದೊಂದು ಕಡೆ ಕೆಂಪಗ ಬಾತು ಬೊಕ್ಕಿ ಏಳ್ಲಿಕ್ಕೆ ಹತ್ತಿದ್ವು. ಡಾಕ್ಟರು ನೋಡಿದ್ರು, ಅಂಗಿ ಕಾಲರಿಗೆ ಗುರ್ತು ಇದ್ದಾಂವಗ ಕುತ್ತಿಗಿಗೆ, ಚಡ್ಡಿ ಪಟ್ಟಿಗೆ ಗುರ್ತು ಇದ್ದಾಂವಗ ನಡುವಿಗೆ. ಗುರ್ತು ಎಲ್ಲಿ ತಾಕ್ತದೋ ಅಲ್ಲೆ ರೋಗ. ಲಿವಿಂಗುಡ್, ರೋಜರ್ಸ್, ಫಿಟ್ಜ್-ಹ್ಯೂ ಅನ್ನೋ ಮೂರು ಮಂದಿ ಡಾಕ್ಟರು 1943ರಾಗ ಅಮೆರಿಕಾದ ವೈದ್ಯರ ಸಂಘದ ಪತ್ರಿಕಾದಾಗ ಇದನ್ನ ಬರೆದ್ರು. "ಧೋಬಿ ಮಾರ್ಕ್ ಡರ್ಮಟೈಟಿಸ್" ಅಂತ ಹೆಸರಿಟ್ರು. ಡರ್ಮಟೈಟಿಸ್ ಅಂದ್ರ ತೊಗಲಿನ ಉರಿಬಾವು.

ನೀವು ಕೇಳಬಹುದು, ನಮ್ಮ ಮಾವನವರೂ ಅದ ಗುರ್ತಿನ ಧೋತರ ಜೀವನ ಪೂರ್ತಿ ಉಟ್ಟರಲ್ಲ, ಅವರಿಗ್ಯಾಕ ಏನೂ ಆಗಲಿಲ್ಲ ಅಂತ. ನನಗೂ ಇದ ಪ್ರಶ್ನಿ ಬಂದಿತ್ತು. ಉತ್ತರ ಭಾಳ ಛಲೋ ಅದ.

ಅಮೆರಿಕಾದಾಗ ಪಾಯಿಸನ್ ಐವಿ ಅಂತ ಒಂದು ಬಳ್ಳಿ ಅದ, ಮೂರು ಮೂರು ಎಲಿದು. ಕಾಡು, ಬೇಲಿ, ಹಿತ್ತಲ ಎಲ್ಲಾ ಕಡೆ ಬೆಳೀತದ. ಅದು ತಾಕಿದ್ರ ಅಲ್ಲಿ ಮಂದಿಗೆ ಬೊಕ್ಕಿ ಏಳ್ತಾವ. ಆ ಬಳ್ಳಿನೂ ನಮ್ಮ ಗೇರಿನ ಕುಲದ್ದ. ಗೋಡಂಬಿ, ಮಾವು, ಜಪಾನಿನವರು ಪೆಟ್ಟಿಗಿಗೆ ಬಟ್ಟಲಿಗೆ ಅರಗಿನಂಥ ಮೆರುಗು ಹಚ್ಚತಾರಲ್ಲ ಆ ಉರುಷಿ ಗಿಡ, ಎಲ್ಲಾ ಒಂದ ಬಳಗ. ಜಪಾನಿನ ಮಜಿಮಾ ಅನ್ನೋ ರಸಾಯನಶಾಸ್ತ್ರಜ್ಞ 20ನೇ ಶತಮಾನದ ಮೊದಲಿನ ವರ್ಷಗಳೊಳಗ ಉರುಷಿ ರಸದಾಗ ಏನದ ಅಂತ ಬಿಡಿಸಿದ. ಅದಕ್ಕ ಉರುಷಿಯಾಲ್ ಅಂತಾರ. ನಮ್ಮ ಗೇರಿನ್ಯಾಗ ಇರೂದೂ ಅದರ ಅಣ್ಣತಮ್ಮನ, ಹಿಂದಿಯ ಭಿಲಾವಾಂ ಅನ್ನೋ ಹೆಸರಿನಿಂದ ಭಿಲಾವನಾಲ್ ಅಂತ ಅದನ್ನ ಕರದ್ರು. ಆ ಸೈನಿಕರು ಸಣ್ಣವರಿದ್ದಾಗ ತಮ್ಮ ಊರಾಗ ಐವಿ ಬಳ್ಳಿ ತಾಕಿಸಿಕೊಂಡು ಬಂದ ಮಂದಿ. ಅವರ ತೊಗಲು ಅಲ್ಲೇ ಪಾಠ ಕಲಿತಿತ್ತು. ಇಲ್ಲಿ ಬಂದು ಅಂಗಿ ಕಾಲರಿನ ಗುಲಗಂಜಿಯಷ್ಟು ಗುರ್ತು ತಾಕಿದ ಕೂಡಲೇ "ಇಂವ ಅದ ವೈರಿ" ಅಂತ ಎದ್ದು ನಿಂತು ಬಿಡ್ತು.

ತೊಗಲು ಕಲೀತದ, ನೆನಪಿಟ್ಟುಕೊಳ್ತದ ಅನ್ನೂದು ಡಾಕ್ಟರ ಮಂದಿಗೆ ತಿಳಿದದ್ದೂ ಬರೇ ನೂರು ನೂರಿಪ್ಪತ್ತೈದು ವರ್ಷದಿಂದ. 1895ರಾಗ ಯಾಡಾಸೋನ್ ಅನ್ನೋ ತೊಗಲಿನ ಡಾಕ್ಟರು ಒಂದು ಪರೀಕ್ಷಾ ತೋರಿಸಿದ. ಪಾದರಸದ ಮುಲಾಮಿನಿಂದ ಮೈ ಕೆಂಪಾದ ರೋಗಿಗೆ ಅದ ಮುಲಾಮು ಬ್ಯಾರೆ ಕಡೆ ಒಂದು ಸಣ್ಣ ತುಂಡು ಅಂಟಿಸಿ ಇಟ್ಟ. ಅಲ್ಲೂ ಕೆಂಪಾತು. ಈಗ ನಮ್ಮ ದವಾಖಾನಿಯೊಳಗ ಬೆನ್ನಿಗೆ ಸಾಲಾಗಿ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ನೋಡ್ತಾರಲ್ಲ, ಪ್ಯಾಚ್ ಟೆಸ್ಟ್, ಅದರ ಮೂಲ ಇದ. 1906ರಾಗ ಪಿರ್ಕೆ ಅನ್ನಾಂವ ಅಲರ್ಜಿ ಅನ್ನೋ ಶಬ್ದ ಹುಟ್ಟಿಸಿದ. ಈಗ ನಾವೆಲ್ಲಾ ಅಲರ್ಜಿ ಅಲರ್ಜಿ ಅಂತ ದಿನಾ ಅಂತೀವಿ, ನಮ್ಮ ಅಜ್ಜಿ ಹುಟ್ಟಿದಾಗ ಆ ಶಬ್ದ ಆಗಷ್ಟ ಹುಟ್ಟಿ ತೊಟ್ಟಲದಾಗಿತ್ತು.

ನನಗ ಎಲ್ಲಾಕಿಂತ ಮುಖ್ಯ ಅನಸೂದು 1942ರ ಮಾತು. ಲ್ಯಾಂಡ್‌ಸ್ಟೈನರ್ ಹೆಸರು ಮಕ್ಕಳ ಪಾಠದಾಗ ಬಂದಿರ್ತದ, ರಕ್ತದ ಗುಂಪು ಕಂಡುಹಿಡಿದಾಂವ. ಅಂವ ಮತ್ತ ಚೇಸ್ ಅನ್ನಾಂವ ಕೂಡಿ ಗಿನಿ ಹಂದಿ ಮ್ಯಾಲ ಪ್ರಯೋಗ ಮಾಡಿದ್ರು. ತೊಗಲಿನ ಈ ಅಲರ್ಜಿ ಒಂದು ಪ್ರಾಣಿಯಿಂದ ಇನ್ನೊಂದಕ್ಕ ದಾಟೂದು ಬಿಳೀ ಕಣಗಳ ಮೂಲಕ, ರಕ್ತದ ತಿಳಿನೀರಿನಿಂದ ಅಲ್ಲ ಅಂತ ತೋರಿಸಿದ್ರು. ಅಂದ್ರ ಮೈಯೊಳಗಿನ ಕಾವಲುಗಾರರ ನೆನಪು ಇದು. "ರಕ್ತ ಕೆಟ್ಟದ", "ಉಷ್ಣ ಆಗ್ಯದ", "ನಂಜು ಹೊರಗ ಬರ್ಲಿಕ್ಕೆ ಹತ್ತ್ಯದ" ಅಂತ ನಾವು ಅಂತೀವಲ್ಲ, ಈ ಬೊಕ್ಕಿಯ ವಿಷಯದಾಗ ಆ ಮಾತು ಯಾವುದೂ ಹೊಂದೂದಿಲ್ಲ.

ಆಗೂದು ಹಿಂಗ. ರಸದ ಸಣ್ಣ ಕಣ ತೊಗಲಿನೊಳಗ ಇಳಿದು ನಮ್ಮ ತೊಗಲಿನ ಪ್ರೋಟೀನಿಗೇ ಅಂಟಿಕೊಳ್ತದ. ಕಾವಲುಗಾರರು ಅದನ್ನ ಪರಕೀಯ ಅಂತ ತಿಳೀತಾರ. ಮೊದಲನೇ ಸಲ ಕಲಿಲಿಕ್ಕೆ ಅವರಿಗೆ ವಾರ ಎರಡು ವಾರ ಬೇಕು, ಹೊರಗ ನಮಗ ಏನೂ ಕಾಣದ ಇರಬಹುದು. ಮುಂದಿನ ಸಲ ತಾಕಿದಾಗ ಒಂದೆರಡು ದಿನದಾಗ ಸೈನ್ಯ ಬಂದು ಇಳೀತದ. ಕೆಂಪು, ಬಾವು, ತುರಿಕಿ, ನೀರುಬೊಕ್ಕಿ ಎಲ್ಲಾ ಆ ಸೈನ್ಯದ ಗದ್ದಲ. ಅದಕ್ಕ "ಹೋದ ಸಲ ಹಚ್ಚಿದಾಗ ಏನೂ ಆಗಿರಲಿಲ್ಲ" ಅನ್ನೂದು ಧೈರ್ಯ ಕೊಡೋ ಮಾತಲ್ಲ. ಇನ್ನ ಗೇರಿನ ರಸ ಗಟ್ಟಿಯಾಗಿ ಹತ್ತಿದ್ರ ಕಲಿಯೋ ಮಾತ ಇಲ್ಲ, ಮೊದಲನೇ ಸಲಾನ ಯಾರ ತೊಗಲನ್ನಾದ್ರೂ ಸುಡ್ತದ.

ಈಗ ಆ ಇನ್ನೊಂದು ಕಾರಣ ಹೇಳ್ತೀನಿ. ಹೋದ ವರ್ಷ ನಮ್ಮ ಬಳಗದ ಒಬ್ಬ ಕಾಕುಗೆ ಮೊಣಕಾಲು ನೋವಿತ್ತು. ಸಂತಿಯೊಳಗ ಗಿಡಮೂಲಿಕಿ ಮಾರೋ ಒಬ್ಬಾಂವ ಗೇರು ಸುಟ್ಟು ಎಣ್ಣಿ ಹಚ್ಚರಿ ಅಂತ ಕೊಟ್ಟ. ಹಚ್ಚಿಕೊಂಡ್ರು. ಮರುದಿನ ಉರಿ, ಮೂರನೇ ದಿನಕ್ಕ ನಿಂಬಿಕಾಯಿಯಷ್ಟು ದೊಡ್ಡ ಬೊಕ್ಕಿ. ಬಂದವರೆಲ್ಲಾ "ನೋವಿನ ನೀರು ಹೊರಗ ಬರ್ಲಿಕ್ಕೆ ಹತ್ತ್ಯದ, ಛಲೋ ಆತು, ಇನ್ನೊಂದು ಸಲ ಹಚ್ಚರಿ" ಅಂದ್ರು. ಇನ್ನೊಂದು ಸಲ ಹಚ್ಚಿದ್ರು. ದವಾಖಾನಿಗೆ ಹೋಗೂದರಾಗ ಕಾಲು ಕೀವು ಹಿಡಿದಿತ್ತು. ಅವರಿಗೆ ಸಕ್ಕರಿ ಕಾಯಿಲಿ ಬ್ಯಾರೆ. ಎರಡು ತಿಂಗಳು ನೆಲ ಬಿಟ್ಟು ಏಳಲಿಲ್ಲ. ಈಗ ಆರ್ಯದ, ಆದ್ರ ಕರೀ ಕಲಿ ಹಂಗ ಉಳದದ. ಮೊಣಕಾಲು ನೋವೂ ಹಂಗ ಅದ.

ಆ ನೀರಿನ್ಯಾಗ ನೋವು ಇರೂದಿಲ್ಲ, ವಿಷನೂ ಇರೂದಿಲ್ಲ. ಬೊಕ್ಕಿ ಒಡದು ನೀರು ಹರದ್ರ ಬ್ಯಾರೆ ಕಡೆ ಹಬ್ಬತದ ಅನ್ನೂದೂ ಸುಳ್ಳು. ಹಬ್ಬೂದು ಉಗುರಿನ್ಯಾಗ, ಬೆರಳಿನ್ಯಾಗ, ಅರಿವಿಯೊಳಗ ಉಳಿದ ರಸದಿಂದ. ಇದಕ್ಕ ಒಂದು ಸಾಕ್ಷಿ ಪೊಲೀಸು ಕೇಸಿನ್ಯಾಗ ಸಿಗ್ತದ. ಹಿಂದ ಮಂದಿ ಬ್ಯಾರೆಯವರ ಮ್ಯಾಲ ಸುಳ್ಳು ಹೊಡೆದಾಟದ ಕೇಸು ಹಾಕಲಿಕ್ಕೆ ತಮ್ಮ ಮೈಗೆ ತಾವ ಗೇರಿನ ರಸ ಹಚ್ಚಿಕೊಂಡು ಬಾಸುಂಡಿ ಎದ್ದಾವ ಅಂತ ತೋರಸ್ತಿದ್ರು. ಪೊಲೀಸು ಕೇಸು ನೋಡೋ ಡಾಕ್ಟರು ಓದೋ ಪುಸ್ತಕದಾಗ ಅದನ್ನ ಪತ್ತೆ ಹಚ್ಚೋ ರೀತಿ ಇರ್ತದ. ಖರೇ ಪೆಟ್ಟಿಗೆ ನೋವಿರ್ತದ, ಇದಕ್ಕ ತುರಿಕಿ. ಕಲಿ ತನ್ನ ಕೈ ಮುಟ್ಟೋ ಜಾಗದಾಗ ಇರ್ತದ. ಮತ್ತ ಹಚ್ಚಿಕೊಂಡಾಂವನ ಬೆರಳ ತುದಿಗೂ ಬೊಕ್ಕಿ ಇರ್ತಾವ! ಎಲ್ಲಿ ತಾಕೇತಿ ಅಂತ ನೋಡಿದ್ರ ಸುಳ್ಳು ಹೊರಗ ಬೀಳ್ತದ.

ಮನ್ಯಾಗ ಯಾರಿಗಾದ್ರೂ ಮೈ ಕೆಂಪಾಗಿ ಬಾತು ತುರಿಸಿದ್ರ ನಾವೂ ಆ ಯುದ್ಧದ ಡಾಕ್ಟರ ಹಂಗನ ಕೇಳಬೇಕು. ಎಲ್ಲಿ ಆಗ್ಯದ? ಅಲ್ಲೆ ಒಂದೆರಡು ದಿನದ ಹಿಂದ ಏನು ತಾಕಿತ್ತು? ಹಣಿ ನಡುವ ಆಗಿದ್ರ ಟಿಕಳಿ ಅಂಟು. ಹೊಕ್ಕಳ ಕೆಳಗ ಆಗಿದ್ರ ಜೀನ್ಸ್ ಪ್ಯಾಂಟಿನ ಗುಂಡಿ. ಕಿವಿಹಾಲಿಗೆ ಆಗಿದ್ರ ಅಗ್ಗದ ಝುಮಕಿ. ಹಣಿ ಅಂಚಿಗೆ, ಕಿವಿ ಹಿಂದ ಆಗಿದ್ರ ಕೂದಲಿನ ಕಪ್ಪು ಬಣ್ಣ. ಏನು ಉಂಡ್ರಿ ಅಂತ ಬದನಿಕಾಯಿಗೆ ಬೈಯೂಕಿಂತ ಮೊದಲು ಇದನ್ನ ಕೇಳ್ರಿ.

ಶಮನದ ಮಾತು ಹೇಳಬೇಕಂದ್ರ, ಗೇರು, ಮಾವಿನ ಸೊನಿ, ಗೋಡಂಬಿ ಸಿಪ್ಪಿ ಎಣ್ಣಿ ಯಾವುದ ತಾಕಿದ್ರೂ ಆದಷ್ಟು ಲಗೂ ಸಾಬೂನು ಹಚ್ಚಿ, ಭಾಳ ನೀರು ಹಾಕಿ ತೊಳೀಬೇಕು, ಉಗುರಿನ ಸಂದಿನೂ. ಕೊಬ್ಬರಿ ಎಣ್ಣಿ ಹಚ್ಚೂದು ನಮ್ಮ ಹಳೇ ರೂಢಿ. ಅದರಾಗ ಅರ್ಥ ಅದ, ಈ ರಸ ನೀರಿಗೆ ಕರಗೂದಿಲ್ಲ, ಎಣ್ಣಿಗೆ ಕರಗ್ತದ. ಮಂಗಳೂರು, ಕೊಲ್ಲಂ ಕಡೆ ಗೋಡಂಬಿ ಒಡಿಯೋ ಹೆಣ್ಣುಮಕ್ಕಳು ಕೈಗೆ ಎಣ್ಣಿ, ಬೂದಿ ಹಚ್ಚಿಕೊಂಡು ಕೂಡೂದು ಅದಕ್ಕ. ಅಷ್ಟಾದ್ರೂ ಅವರ ಬೆರಳು ನೋಡಿದ್ರ ಆ ಕಾಜೂ ಗಂಟಲದಾಗ ಇಳಿಯೂದಿಲ್ಲ. ಆದ್ರ ತಾಕಿದ ಮ್ಯಾಲ ಎಣ್ಣಿ ಹಚ್ಚಿ ಹಂಗ ಬಿಟ್ರ ರಸ ಇನ್ನಷ್ಟು ಹರಡ್ತದ. ಎಣ್ಣಿಯಿಂದ ಒರಸರಿ, ಆ ಅರಿವಿ ಒಗೀರಿ, ಆಮ್ಯಾಲ ಸಾಬೂನಿಂದ ತೊಳೀರಿ.

ಬೊಕ್ಕಿ ಎದ್ದ ಮ್ಯಾಲ ತಣ್ಣೀರಿನ್ಯಾಗ ಅದ್ದಿದ ಮೆತ್ತನ್ನ ಹಳೇ ಧೋತರದ ತುಂಡು ಹಿಂಡಿ ಮ್ಯಾಲ ಹಾಕ್ರಿ, ದಿನಕ್ಕ ಮೂರ್ನಾಲ್ಕು ಸಲ, ಹತ್ತಿಪ್ಪತ್ತು ನಿಮಿಷ. (ಅಗಸರ ಗುರ್ತು ಇಲ್ಲದ ತುಂಡು ಹಾಕ್ರಿ ಮತ್ತ!) ಬಿಸಿನೀರು ಬ್ಯಾಡ, ಆ ಕ್ಷಣಕ್ಕ ಹಾಯ್ ಅನಸ್ತದ, ಆಮ್ಯಾಲ ತುರಿಕಿ ಹೆಚ್ಚಾಗ್ತದ. ಕ್ಯಾಲಮೈನ್ ಲೋಶನ್ ನಡೀತದ. ಆ ಗುಲಾಬಿ ಬಣ್ಣ ಏನು ಅಂತೀರಿ? ಸತುವಿನ ಬಿಳೀ ಪುಡಿಯೊಳಗ ಚೂರು ಕಬ್ಬಿಣದ ಕೆಂಪು, ಅಷ್ಟ. ಅರಿಷಿಣ, ಸುಣ್ಣ, ಟೂತ್‌ಪೇಸ್ಟು, ಬಳ್ಳೊಳ್ಳಿ ಯಾವುದೂ ಬ್ಯಾಡ. ಬೊಕ್ಕಿ ಒಡೀಬ್ಯಾಡ್ರಿ, ಅದರ ತೊಗಲ ಒಳಗಿನ ಗಾಯಕ್ಕ ಮುಚ್ಚಳ. ಎರಡು ಮೂರು ವಾರ ಹಿಡೀತದ, ತಾಳ್ಮಿ ಬೇಕು. ಮುಖ, ಕಣ್ಣು ಬಾತ್ರ, ಉಸರಿಗೆ ತ್ರಾಸಾದ್ರ, ಜ್ವರ ಕೀವು ಬಂದ್ರ, ಸಣ್ಣ ಕೂಸಿಗೆ ಆದ್ರ, ಸಕ್ಕರಿ ಇದ್ದವರಿಗೆ ಆದ್ರ ಮನ್ಯಾಗ ಕೂಡಬ್ಯಾಡ್ರಿ. ಡಾಕ್ಟರು ಸ್ಟೆರಾಯ್ಡ್ ಮುಲಾಮು ಕೊಡಬಹುದು. 1952ರಾಗ ಸಲ್ಜ್‌ಬರ್ಗರ್, ವಿಟನ್ ಅನ್ನೋ ಇಬ್ಬರು ತೊಗಲಿಗೆ ಹಚ್ಚೋ ಹೈಡ್ರೋಕಾರ್ಟಿಸೋನ್ ಕೆಲಸ ಮಾಡ್ತದ ಅಂತ ತೋರಿಸಿದಾಗಿಂದ ಈ ರೋಗದವರ ಪಾಡು ಎಷ್ಟೋ ಕಡಿಮಿ ಆಗ್ಯದ. ಆದ್ರ ಅದ ಟ್ಯೂಬು ಇಟ್ಟುಕೊಂಡು ಮುಂದ ಬಿಳುಪಾಗಲಿ ಅಂತ ಮುಖಕ್ಕ ಹಚ್ಚೋ ಹುಡುಗಿಯರನ್ನ ನೋಡೀನಿ. ತೊಗಲು ತೆಳ್ಳಗಾಗಿ ಕೆಂಪು ನರ ಕಾಣಸ್ತಾವ. ಡಾಕ್ಟರು ಎಷ್ಟು ದಿನ ಅಂದಾರ ಅಷ್ಟ ದಿನ.

ಬಾಣಂತಿಗೆ, ಕೂಸಿಗೆ ಗೇರು ಮುಟ್ಟಸೋ ರೂಢಿ ಕೆಲವು ಮನಿಯೊಳಗ ಇನ್ನೂ ಅದ ಅಂತ ಕೇಳೀನಿ. ಹಿರಿಯರ ಮನಸ್ಸು ನೋಯಬಾರದು ಅನ್ನೂದಾದ್ರ ಕಾಡಿಗಿಯಿಂದ ಚುಕ್ಕಿ ಇಡ್ರಿ, ಕರ್ರಗ ಕಂಡ್ರ ದೃಷ್ಟಿಗೆ ಅಷ್ಟ ಸಾಕು. ಗೇರಿನ ಕಾಯಿ ಒಲಿಗೂ ಹಾಕಬ್ಯಾಡ್ರಿ, ಹೊಗಿ ಕಣ್ಣಿಗೆ, ಶ್ವಾಸಕ್ಕ ಹೋಗ್ತದ.

ಇನ್ನ ಆಪೂಸ್ ಕಾಲ ಬಂತು. ಹುಡುಗರ ಬಾಯಿ ಸುತ್ತ ಪ್ರತಿ ವರ್ಷ ಗುಳ್ಳಿ ಏಳೂದು ಹಣ್ಣಿನ ಉಷ್ಣಕ್ಕಲ್ಲ, ತೊಟ್ಟಿನ ಸೊನಿಗೆ, ಸಿಪ್ಪಿಗೆ. ಹಣ್ಣು ತಂದ ಕೂಡಲೇ ನೀರಿನ್ಯಾಗ ನೆನಿ ಹಾಕ್ರಿ, ತೊಟ್ಟಿನ ಕಡೆ ಒಂದು ಬಿಲ್ಲಿ ಕೊಯ್ದು ಒಗೀರಿ, ಸಿಪ್ಪಿ ತಗದು ಹೋಳು ಮಾಡಿ ಕೊಡ್ರಿ, ಉಂಡ ಮ್ಯಾಲ ಬಾಯಿ ಕೈ ಸಾಬೂನಿಂದ ತೊಳಸ್ರಿ. ಅಮೆರಿಕಾದಿಂದ ಸೂಟಿಗೆ ಬರೋ ಮೊಮ್ಮಕ್ಕಳಿಗಂತೂ ಸಿಪ್ಪಿ ಚೀಪಲಿಕ್ಕೆ ಕೊಡಬ್ಯಾಡ್ರಿ, ಅಲ್ಲಿ ಹಿತ್ತಲದಾಗ ಐವಿ ಬಳ್ಳಿ ತಾಕಿತ್ತೇನು ಅಂತ ಮೊದಲು ಅವರ ಅವ್ವಗ ಕೇಳ್ರಿ.